ಕಡ ತಂದ ಉಸಿರು

ಹೆಂಗಸರು ಗೊರಕೆ ಹೊಡೆಯುವುದಿಲ್ಲ ಎಂದು ನಮ್ಮ ಅತ್ತೆಯವರು ಸಾಯುವ ತನಕ ನಂಬಿದ್ದರು. ಅವರ ಗೊರಕೆಗೆ ಹಿತ್ತಲಿನ ಬೆಕ್ಕು ಓಡಿಹೋಗುತ್ತಿತ್ತು, ಆ ಮಾತು ಬೇರೆ. ನನ್ನ ಗೊರಕೆಯನ್ನೂ ನನ್ನ ಗಂಡ ಧನಪಾಲ ಇಷ್ಟು ವರ್ಷ ಯಾರ ಮುಂದೂ ಬಾಯಿಬಿಡದೆ ನುಂಗಿಕೊಂಡ. ಮನೆಯ ಮರ್ಯಾದೆ ಅಂತೆ. ಕೊನೆಗೆ ಆ ಮರ್ಯಾದೆ ತೆಗೆದದ್ದು ರೈಲಿನ ಎಂಜಿನ್.

ನಾನು ತ್ರಿಶಲಾ ಬೋಗಾರ. ಹುಬ್ಬಳ್ಳಿಯಲ್ಲಿ ಗೂಡ್ಸ್ ಗಾಡಿ ಓಡಿಸುತ್ತೇನೆ. ಧನಪಾಲನಿಗೆ ಪೇಟೆಯಲ್ಲಿ ಹಿತ್ತಾಳೆ ಪಾತ್ರೆಯ ಅಂಗಡಿ. ಅವನು ಕೊಡ ಮಾರುತ್ತಾನೆ, ನಾನು ಅದಿರು ಎಳೆಯುತ್ತೇನೆ. ಈಗಿನ ಎಂಜಿನ್ನುಗಳಲ್ಲಿ ಚಾಲಕರ ರೆಪ್ಪೆಯನ್ನು ಕಾಯುವುದಕ್ಕೇ ಒಂದು ಕಣ್ಣು ಕೂಡಿಸಿದ್ದಾರೆ, ಗೊತ್ತಲ್ಲ. ಅಣ್ಣಿಗೇರಿ ದಾಟಿದ ಮೇಲೆ, ಹಾಡಹಗಲಿನಲ್ಲಿ, ಹಿಂದೆ ಉದ್ದಕ್ಕೂ ಅದಿರಿನ ಬೋಗಿಗಳಿರುವಾಗ, ನನ್ನ ರೆಪ್ಪೆ ಮುಚ್ಚಿತು. ಮುಚ್ಚಿದ್ದು ನನಗೆ ಗೊತ್ತೇ ಆಗಲಿಲ್ಲ. ಗಾಡಿ ತಾನಾಗಿ ಬ್ರೇಕ್ ಹಾಕಿಕೊಂಡು ನಿಂತಾಗ, ಸಿಗ್ನಲ್ ಕೆಂಪಿತ್ತೇನು ಎಂದು ಪಕ್ಕದವನನ್ನು ಕೇಳಿದೆ. ಅವನು ಮುಖ ಆ ಕಡೆ ತಿರುಗಿಸಿಕೊಂಡ.

ಮೊದಲ ಸಲವಾದರೆ ಚಿಕಿತ್ಸೆ. ಎರಡನೆಯ ಸಲವಾದರೆ ಎಂಜಿನ್ನಿನಿಂದ ಇಳಿಸಿ ಕುರ್ಚಿಯ ಕೆಲಸಕ್ಕೆ ಹಾಕುತ್ತಾರೆ. ನಿವೃತ್ತಿಯ ತನಕ ಫೋನು ಹಿಡಿದುಕೊಂಡು ‘ಇಂಥವರೇ, ನಿಮ್ಮ ಗಾಡಿ ತಯಾರಿದೆ’ ಎಂದು ಉಳಿದವರನ್ನು ಎಬ್ಬಿಸುತ್ತ ಕೂರಬೇಕು. ನನ್ನಿಂದ ಅದು ಆಗದ ಮಾತು. ಎಂಜಿನ್ ಬಿಟ್ಟರೆ ನಾನು ಯಾರು ಎಂಬುದು ನನಗೇ ಗೊತ್ತಿಲ್ಲ. ಹೆದರಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

ನಿದ್ರಾ ಕೇಂದ್ರದ ಡಾಕ್ಟರ್ ಜೀನತ್ ಕಿತ್ತೂರ ನನಗಿಂತ ಸಣ್ಣವರು, ಮಾತು ಮೆತ್ತಗೆ. ನಿದ್ದೆಯಲ್ಲಿ ನನ್ನ ಗಂಟಲು ಸಡಿಲಾಗಿ ಮುಚ್ಚಿಕೊಳ್ಳುತ್ತದೆ, ಉಸಿರು ಕಟ್ಟುತ್ತದೆ, ಮೆದುಳು ಗಾಬರಿಬಿದ್ದು ಅರ್ಧ ಎಬ್ಬಿಸುತ್ತದೆ, ಮತ್ತೆ ಮಲಗಿದರೆ ಮತ್ತೆ ಅದೇ ಕಥೆ, ಹೀಗಾಗಿ ರಾತ್ರಿಯಿಡೀ ಮಲಗಿಯೂ ನಾನು ಮಲಗಿಯೇ ಇರುವುದಿಲ್ಲ ಎಂದರು. ಅದಕ್ಕೊಂದು ಯಂತ್ರ. ಮೂಗಿನ ಮೇಲೊಂದು ಮುಖವಾಡ, ಅದಕ್ಕೆ ಆನೆಯ ಸೊಂಡಿಲಿನಂತಹ ಕೊಳವೆ. ಊರೆಲ್ಲ ಅದನ್ನು ಸೊಂಡಿ ಎನ್ನುತ್ತದೆ. ಹಳೆಯ ಯಂತ್ರಗಳು ರಾತ್ರಿಯಿಡೀ ಒಂದೇ ಸಮನೆ ಗಾಳಿ ಊದುತ್ತಿದ್ದವಂತೆ. ಈಗಿನದು ಹಾಗಲ್ಲ. ಮೈತುಂಬ ತಂತಿ ಅಂಟಿಸಿ ಕೇಂದ್ರದಲ್ಲಿ ಒಂದು ರಾತ್ರಿ ಮಲಗಿಸುತ್ತಾರೆ. ನಿಮ್ಮ ಉಸಿರು ಹೇಗೆ ನಡೆಯುತ್ತದೆ, ಎಲ್ಲಿ ಎಡವುತ್ತದೆ ಎಂಬುದರ ನಕ್ಷೆ ತಯಾರಾಗುತ್ತದೆ. ಅಂಗಿಯ ಗುಂಡಿಯಷ್ಟಿರುವ ಒಂದು ಬಿಲ್ಲೆಯಲ್ಲಿ ಅದನ್ನು ಬರೆದು ಸೊಂಡಿಗೆ ಹಾಕಿದರೆ, ಉಸಿರು ಎಡವುವುದಕ್ಕೆ ಮುಂಚೆಯೇ ಅದಕ್ಕೆ ತಿಳಿಯುತ್ತದೆ, ಬೇಕಾದಷ್ಟೇ ಊದುತ್ತದೆ. ಬಿಲ್ಲೆ ಬರೆಯುವ ಅಧಿಕಾರ ಡಾಕ್ಟರಿಗೆ ಮಾತ್ರ.

ಬಿಲ್ಲೆ ಬಂತು. ಎರಡು ತಿಂಗಳು ಶಿಸ್ತಾಗಿ ಹಾಕಿಕೊಂಡೆ. ಯಂತ್ರದ ವರದಿ ದಿನಾ ಹಸಿರು, ‘ಉತ್ತಮ’ ಎಂದು. ನಾನು ಮಾತ್ರ ಸೊಪ್ಪು ಸೋಸುತ್ತ ತೂಕಡಿಸುತ್ತಿದ್ದೆ, ಬಸದಿಯಲ್ಲಿ ಪೂಜೆ ನಡೆದಾಗ ಕಂಬಕ್ಕೆ ಒರಗಿ ಮಲಗಿಬಿಡುತ್ತಿದ್ದೆ. ಎಂಜಿನ್ನಿನಲ್ಲಿ ಮಾತ್ರ ತೊಡೆ ಚಿವುಟಿಕೊಂಡು ಎಚ್ಚರವಿದ್ದೆ. ತೊಡೆಯೆಲ್ಲ ನೀಲಿಗಟ್ಟಿತ್ತು.

“ವರದಿ ಚಲೋ ಅದ ತ್ರಿಶಲಾ ಅವರ,” ಎಂದರು ಡಾಕ್ಟರು ಪರದೆ ನೋಡುತ್ತ. “ಒಂದ ತಕರಾರು. ಮುಖವಾಡ ಸೋರ್ತದ ಅಂತ ತೋರಿಸ್ತದ. ಪಟ್ಟಿ ಬಿಗಿ ಮಾಡ್ಕೋರಿ.”

“ಬಿಗಿ ಮಾಡೇನ್ರಿ. ಗಲ್ಲದ ಮ್ಯಾಲೆ ಬರಿ ಬಿದ್ದಾವು, ನೋಡ್ರಿ. ನಿದ್ದಿ ಮಾತ್ರ ತುಂಬವಲ್ದು.”

“ಯಂತ್ರ ಎಲ್ಲಾ ಸರಿ ಅಂತದಲ್ರೀ.”

“ಯಂತ್ರಕ್ಕ ಸರಿ ಇರಬೇಕ್ರಿ. ನಿದ್ದಿ ಗೆಟ್ಟಾಕಿ ನಾನು.”

ಅವರು ಪಾಪ ನಕ್ಕರು. ಇನ್ನೊಂದು ತಿಂಗಳು ನೋಡೋಣ ಎಂದರು.

ನೋಡುತ್ತ ಕೂರಲು ನನಗೆ ಎಲ್ಲಿಯ ತಾಳ್ಮೆ. ಧನಪಾಲನ ಅಂಗಡಿಗೆ ಬಂದ ಯಾರೋ ಗಿರಾಕಿ, ಉಣಕಲ್ಲಿನಲ್ಲಿ ಒಂದು ‘ಗೊರಕಿ ಬಳಗ’ ಇದೆಯೆಂದೂ, ಡಾಕ್ಟರಿಂದ ಆಗದ್ದು ಅಲ್ಲಿ ಆಗುತ್ತದೆಯೆಂದೂ ಹೇಳಿದರಂತೆ. ಭಾನುವಾರ ಮುಂಜಾನೆ ಹೋದೆ. ನಿವೃತ್ತ ಡ್ರಿಲ್ ಮಾಸ್ತರ ಫಕೀರಗೌಡರ ಮನೆಯ ಮಾಳಿಗೆಯ ಮೇಲೆ ಚಾಪೆ ಹಾಸಿ, ನಡುವೆ ಗಿರ್ಮಿಟ್ಟು ಮಂಡಕ್ಕಿಯ ಬುಟ್ಟಿ ಇಟ್ಟುಕೊಂಡು, ಲಾರಿಯವರು, ಲಾಯರು, ಒಬ್ಬ ಪೂಜಾರಿ, ಎಲ್ಲ ಕುತ್ತಿಗೆ ದಪ್ಪ ಇರುವವರೇ ಕೂತಿದ್ದರು. ಹೆಂಗಸು ನಾನೊಬ್ಬಳೇ. ನಾನು ಬಾಯಿ ತೆರೆಯುವ ಮುಂಚೆಯೇ ಸಲಹೆಗಳು ಬಿದ್ದವು. ಎಡಮಗ್ಗುಲಲ್ಲಿ ಮಲಗಿ ಎಂದರು ಒಬ್ಬರು. ಬಲಮಗ್ಗುಲು, ಎಡಕ್ಕೆ ಹೃದಯ ಅಲ್ವೇ ಎಂದರು ಇನ್ನೊಬ್ಬರು. ಮಂಚದ ತಲೆಯ ಕಡೆ ಇಟ್ಟಂಗಿ ಇಡಿ, ಅಂಗಾತ ಮಲಗದಂತೆ ಕುಪ್ಪಸದ ಬೆನ್ನಿಗೆ ಟೆನಿಸ್ ಚೆಂಡು ಹೊಲಿಯಿರಿ, ಮುಖವಾಡದ ಅಂಚಿಗೆ ಹತ್ತಿಯ ಬಟ್ಟೆ ಇಡಿ. ಬಟ್ಟೆಯ ಮಾತು ಮಾತ್ರ ನಿಜಕ್ಕೂ ಕೆಲಸಕ್ಕೆ ಬಂತು. ಗಲ್ಲದ ಬರೆ ಹೋಯಿತು. ಡಾಕ್ಟರು ಇದನ್ನು ಯಾಕೆ ಹೇಳಿರಲಿಲ್ಲ? ಅವರು ಒಂದು ದಿನವೂ ಮುಖವಾಡ ಹಾಕಿಕೊಂಡು ಮಲಗಿದವರಲ್ಲ, ಅದಕ್ಕೆ.

ಫಕೀರಗೌಡ ಮಾಸ್ತರರು ಎಲ್ಲ ಮುಗಿದ ಮೇಲೆ ಮಾತಾಡಿದರು. ತೆಳ್ಳಗಿನ ಮನುಷ್ಯ, ಕಡ್ಡಿಯ ಹಾಗೆ ನೆಟ್ಟಗೆ. ಆ ದಪ್ಪ ಕುತ್ತಿಗೆಗಳ ನಡುವೆ ಅವರಿಗೇನು ಕೆಲಸ ಎಂದು ನನಗೆ ಆಗಲೇ ಅನ್ನಿಸಿತ್ತು.

“ತಂಗೀ, ಡಾಕ್ಟರ್ ಕೊಟ್ಟ ಬಿಲ್ಲಿ ತಗದು ಇಡು. ಇದನ್ನ ಹಾಕ್ಕೋ,” ಎಂದು ಒಂದು ಬಿಲ್ಲೆ ಕೈಗಿಟ್ಟರು. “ನನ್ನ ಕಡೆ ಇರೂ ಬಿಲ್ಲಿದ ನಕಲು. ಹುಬ್ಬಳ್ಯಾಗ ನಲವತ್ತು ಮಂದಿ ಇದರ ಮ್ಯಾಲೆ ಮಲಗ್ತಾರ. ರೊಕ್ಕ ಗಿಕ್ಕ ಏನೂ ಬ್ಯಾಡ.”

“ಬ್ಯಾರೇದವರ ಉಸಿರು ನನಗ ಒಗ್ಗತೈತೇನ್ರಿ?”

“ಕಡ ತಂದ ಹೆಪ್ಪಿಗೆ ಮೊಸರು ಆಗಂಗಿಲ್ಲೇನು?” ಎಂದರು. ಮಾಳಿಗೆಯೆಲ್ಲ ತಲೆಯಾಡಿಸಿತು. ನಾನೂ ಆಡಿಸಿದೆ.

ಹಾಕಿಕೊಂಡೆ. ಆ ನಿದ್ದೆಯನ್ನು ಏನೆಂದು ಹೇಳಲಿ. ಬಾಣಂತನದಲ್ಲಿ ಅವ್ವ ಎಣ್ಣೆ ಹಚ್ಚಿ ಎರೆದು ಮಲಗಿಸಿದಾಗ ಬಂದಿದ್ದ ನಿದ್ದೆ ಅದು. ಸೊಂಡಿ ಉಸಿರನ್ನು ತಾನೇ ತಂದು, ತಾನೇ ಒಯ್ಯುತ್ತಿತ್ತು. ನನ್ನದೇನೂ ಕೆಲಸವೇ ಇಲ್ಲ. ಎದ್ದಾಗ ಕಿಟಕಿಯ ಬೆಳಕು ಕೂಡ ತೊಳೆದಂತೆ ಕಂಡಿತು. ಎಂಜಿನ್ ಹತ್ತಿ ಗದಗಿನ ತನಕ ಹಾಡಿಕೊಂಡು ಹೋದೆ. ಡಾಕ್ಟರಿಗೆ ಬುದ್ಧಿ ಇಲ್ಲ ಎಂದು ಧನಪಾಲನ ಮುಂದೆ ಜಂಬ ಕೊಚ್ಚಿದೆ.

ಮೂರು ವಾರದ ಮೇಲೆ ಒಂದು ದಿನ, ರಾತ್ರಿ ಪಾಳಿ ಮುಗಿಸಿ ಬಂದು ಮಧ್ಯಾಹ್ನ ಮಲಗಿದ್ದೆ. ಧನಪಾಲ ಊಟಕ್ಕೆ ಬಂದಿದ್ದ. ಕರೆಂಟು ಹೋಯಿತು. ಸೊಂಡಿಯ ಬ್ಯಾಟರಿ ಎಂದೋ ಸತ್ತಿತ್ತು, ಹಾಕಿಸಬೇಕು ಎಂದುಕೊಂಡು ಬಿಟ್ಟಿದ್ದೆವು. ನನಗೆ ಎಚ್ಚರವಾದದ್ದು ಅವನು ಕೆನ್ನೆಗೆ ಬಾರಿಸಿದ ಮೇಲೆ. ಅವನ ಕೈಯಲ್ಲಿ ಇನ್ನೂ ಅನ್ನ ಮೆತ್ತಿತ್ತು.

“ಯಾಕ ಹೊಡೀತಿ?”

“ಉಸಿರು ಆಡಿಸ್ತಿದ್ದಿಲ್ಲ ನೀನು.”

“ಅದೇನು ಹೊಸಾದೇನು, ಮೊದಲಿಂದಾನೂ ಕಟ್ಟತೈತಿ.”

“ಮೊದಲು ಕಟ್ಟಿದ್ರ ಕೆಸರಾಗ ಸಿಕ್ಕ ಎಮ್ಮಿ ಹಂಗ ಒದ್ದಾಡ್ತಿದ್ದಿ, ಗುಟುರು ಹಾಕ್ತಿದ್ದಿ. ಇವತ್ತು ಒದ್ದಾಡ್ಲೇ ಇಲ್ಲ. ಸುಮ್ಮನ ಬಿದ್ದಿದ್ದಿ, ತ್ರಿಶಲಾ. ಉಸಿರಾಡಬೇಕು ಅನ್ನೂದ ನಿನಗ ನೆನಪಿದ್ದಂಗ ಕಾಣಲಿಲ್ಲ.”

ಹೇಳುತ್ತ ಹೇಳುತ್ತ ಅವನು ಅತ್ತ. ನನ್ನ ಗಂಡ ಅಳುವವನಲ್ಲ. ನಾನು ಅವನ ಕೈ ತೊಳೆಸಿ ಕೂಡಿಸಿದೆ.

ಅಲ್ಲಿಂದ ನನ್ನ ತಲೆ ಕಲಸಿದ ಹಿಟ್ಟಾಯಿತು. ಬಳಗದಲ್ಲಿ ಕೇಳಿದರೆ, ಅದು ಒಳ್ಳೆಯ ಲಕ್ಷಣ, ಮೆದುಳು ವಿಶ್ರಾಂತಿ ತಗೊಳ್ಳುತ್ತಿದೆ ಎಂದರು. ಲಾಯರಂತೂ ತನಗೂ ಹಾಗೇ ಆಗುತ್ತದೆ, ಏನೂ ಆಗಿಲ್ಲ ಎಂದು ಎದೆ ತಟ್ಟಿ ತೋರಿಸಿದರು. ಡಾಕ್ಟರನ್ನು ಕೇಳೋಣವೆಂದರೆ ಬೇರೆಯವರ ಬಿಲ್ಲೆ ಹಾಕಿದ್ದನ್ನು ಒಪ್ಪಿಕೊಳ್ಳಬೇಕು. ಆ ಸಂಗತಿ ಕಾಗದಕ್ಕೆ ಬಿದ್ದರೆ ಎಂಜಿನ್ ಹೋದಂತೆಯೇ. ಡಾಕ್ಟರ ಬಿಲ್ಲೆ ಹಾಕಿದರೆ ಹಗಲು ಕಣ್ಣು ಎಳೆಯುತ್ತದೆ, ವರದಿ ಹಸಿರು. ಮಾಸ್ತರ ಬಿಲ್ಲೆ ಹಾಕಿದರೆ ಹಗಲು ಹುರುಪು, ಗಂಡ ರಾತ್ರಿಯೆಲ್ಲ ನನ್ನ ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕೂರುತ್ತಾನೆ. ಹೀಗಾಗಿ ಒಂದು ದಿನ ಇವರದು, ಒಂದು ದಿನ ಅವರದು ಹಾಕಿಕೊಳ್ಳತೊಡಗಿದೆ. ಇಬ್ಬರಿಗೂ ನ್ಯಾಯ ಮಾಡಿದ ಹಾಗಾಗುತ್ತದೆ ಎಂದು. ಈಗ ನೆನೆಸಿದರೆ ನಗು ಬರುತ್ತದೆ, ಆಗ ಬರಲಿಲ್ಲ.

ನಿಗದಿಯ ತಪಾಸಣೆಗೆ ಹೋದಾಗ ನನ್ನದೇ ಬಿಲ್ಲೆ ಹಾಕಿಕೊಂಡು, ಸಂಭಾವಿತಳಂತೆ ಮಲಗಿದೆ. ಡಾಕ್ಟರ್ ಜೀನತ್ ಪರದೆಯ ಮುಂದೆ ಬಹಳ ಹೊತ್ತು ಕೂತಿದ್ದರು. ಆಮೇಲೆ ಕುರ್ಚಿ ಎಳೆದುಕೊಂಡು ಎದುರಿಗೆ ಬಂದರು.

“ಮೊದಲ ಸಲ ನಕ್ಷೆ ತೆಗದಾಗ ನಿಮ್ಮ ಗಂಟಲು ಮುಚ್ತಿತ್ತು. ಇವತ್ತು ಗಂಟಲು ತೆರದೇ ಅದ, ಆದ್ರೂ ಉಸಿರು ನಿಂತದ. ಮೆದುಳು ‘ಉಸಿರಾಡು’ ಅಂತ ಹೇಳೂದನ್ನ ಮರೀಲಿಕ್ಕತ್ತದ. ನಾ ಬರದ ಬಿಲ್ಲಿಯಿಂದ ಹಿಂಗ ಆಗೂದಿಲ್ಲ. ಏನ್ ಹಾಕ್ಕೋತಿದ್ರಿ, ಹೇಳ್ರಿ.”

ಸುಳ್ಳು ನಾಲಗೆಯ ತುದಿಗೆ ಬಂದಿತ್ತು. ಧನಪಾಲ ಬಾಗಿಲಲ್ಲಿ ನಿಂತಿದ್ದ, ಅವನ ಮುಖ ನೋಡಿ ಅದು ಹಿಂದಕ್ಕೆ ಹೋಯಿತು. ಪರ್ಸಿನಿಂದ ಮಾಸ್ತರ ಬಿಲ್ಲೆ ತೆಗೆದುಕೊಟ್ಟು, ಬಳಗದ ಕಥೆಯನ್ನೆಲ್ಲ ಹೇಳಿದೆ.

ಅವರು ಅದನ್ನು ಯಂತ್ರಕ್ಕೆ ಹಾಕಿ ನೋಡಿದರು. ಬೈಯುತ್ತಾರೆ ಎಂದುಕೊಂಡಿದ್ದೆ, ಬೈಯಲಿಲ್ಲ.

“ಇದು ಗಂಟಲಿನ ನಕ್ಷೆನೇ ಅಲ್ರೀ. ಉಸಿರಾಡೂದ ಮರೆಯೂ ಮೆದುಳಿಂದು. ಹೃದಯ ಸೋತವರಿಗೆ ಹಿಂಗ ಆಗ್ತದ. ಯಂತ್ರನೇ ಅವರ ಬದಲಿ ಉಸಿರಾಡ್ತದ. ನಿಮಗ ಬೇಕಾಗಿದ್ದಿಲ್ಲ. ಆದ್ರೂ ಅದು ನಿಮ್ಮ ಕೆಲಸ ತಾನ ಮಾಡ್ಕೋತ ಹೋತು, ನಿಮ್ಮ ಮೆದುಳು ಕೈ ಕಟ್ಟಿ ಕೂತ್ತು. ಮಾಸ್ತರಿಗೆ ಹೃದಯದ ತ್ರಾಸ ಏನರ ಅದೇನು?”

“ಅವರಿಗೇನ್ರೀ ತ್ರಾಸ. ದಿನಾ ನೃಪತುಂಗ ಬೆಟ್ಟ ಹತ್ತಿ ಇಳೀತಾರ.”

“ಹಂಗಾರ ಇದು ನನಗೂ ತಿಳೀವಲ್ದು,” ಎಂದರು ಡಾಕ್ಟರು.

“ನಿಮ್ಮದು ಏನು ತಿಳಿದೈತ್ರಿ ಹಂಗಾರ?” ಎಂದು ನಾನು ಸಿಟ್ಟಿಗೆದ್ದೆ. “ನಿಮ್ಮ ಬಿಲ್ಲಿ ಹಾಕ್ಕೊಂಡು ನಾ ತೊಡಿ ಚಿವುಟಿಕೊಂಡು ಗಾಡಿ ಓಡಿಸೀನಿ. ಹಸಿರು ಹಸಿರು ಅಂದ್ರಿ. ನಾ ಅಲ್ಲಿಗೆ ಯಾಕ ಹೋದೆ? ಇಲ್ಲಿ ಯಾರೂ ನನ್ನ ಮಾತು ಕೇಳಲಿಲ್ಲ, ಅದಕ್ಕ ಹೋದೆ.”

ಅವರು ತಲೆ ತಗ್ಗಿಸಿದರು. ಹೊಸದಾಗಿ ಇನ್ನೊಂದು ರಾತ್ರಿ ನಕ್ಷೆ ತೆಗೆಯೋಣ ಎಂದು ದಿನ ನೋಡಿದರು. ನಾನು ನನ್ನ ರಜೆಯ ದಿನ ಹೇಳಿದೆ. ಧನಪಾಲ ನಡುವೆ ಬಾಯಿ ಹಾಕಿದ.

“ಅವತ್ತು ಚತುರ್ದಶಿ. ನಿನ್ನ ನೋಂಪಿ.”

“ಇದ್ರ ಏನಾತು? ಮೊದಲ ಸಲ ನಕ್ಷೆ ತೆಗೆಸಾಕೂ ಚತುರ್ದಶಿ ದಿನಾನ ಮಲಗಿದ್ನಲ್ಲ. ಒಂದ ರಜೆದಾಗ ಎರಡು ಕೆಲಸ ಆಗ್ತಾವು.”

ಡಾಕ್ಟರ ಕೈ ಪರದೆಯ ಮೇಲೆ ನಿಂತುಬಿಟ್ಟಿತು. “ನೋಂಪಿ ಅಂದ್ರ ಏನ್ ತಿಂತೀರಿ?”

“ಏನೂ ಇಲ್ರಿ. ನೀರೂ ಇಲ್ಲ. ಹಿಂದಿನ ದಿನ ಹೊತ್ತು ಮುಳುಗೂಕಿಂತ ಮೊದಲು ಊಟ, ಮತ್ತ ಮರುದಿನ ಬೆಳಕಾದ ಮ್ಯಾಲೆ. ಖಾಲಿ ಹೊಟ್ಟಿಲೆ ಎಂಜಿನ್ ಹತ್ತಬಾರದು ಅಂತ ಅವತ್ತು ರಜೆ ಹಾಕ್ತೀನಿ.”

“ಯಾ ಅಲ್ಲಾ,” ಎಂದರು ಅವರು, ಬಹಳ ಮೆಲ್ಲಗೆ. “ನೀರಿಲ್ಲದ ಮೈ ಒಣಗಿರ್ತದ. ಗಂಟಲಿನ ಬಾವು ಇಳದಿರ್ತದ. ರೋಜಾ ದಿನ ನನ್ನ ಉಂಗುರಾನ ಸಡಿಲ ಆಗ್ತದ. ಅವತ್ತು ನಿಮ್ಮ ಗಂಟಲು ಮುಚ್ಚಿದ್ದ ಕಡಿಮಿ. ಯಂತ್ರಕ್ಕ ಅಷ್ಟ ಗೊತ್ತು. ಉಂಡು ಮಲಗಿದ ದಿನ ಗಂಟಲು ಜೋರಾಗಿ ಮುಚ್ಚಿದ್ರ ಅದಕ್ಕ ಗುರ್ತನೇ ಸಿಗೂದಿಲ್ಲ, ಮುಖವಾಡ ಸೋರಿತು ಅಂತ ಬರಕೋತದ. ಯಾಕ ಹೇಳಲಿಲ್ರೀ?”

“ನೀವು ಕೇಳಲಿಲ್ಲ. ನೋಂಪಿ ಹಿಡದಾಕಿ ನೋಂಪಿ ಹಿಡದೀನಿ ಅಂತ ಊರೆಲ್ಲ ಹೇಳ್ಕೋತ ತಿರಗಬಾರದ್ರಿ. ಪುಣ್ಯ ಉಳಿಯೂದಿಲ್ಲ.”

ಇಷ್ಟು ದಿನ ನಾನು ಹಾಕಿಕೊಂಡದ್ದು ಉಪವಾಸದ ತ್ರಿಶಲಾಳ ನಕ್ಷೆ ಒಂದು, ಯಾರದೋ ಸೋತ ಹೃದಯದ ನಕ್ಷೆ ಇನ್ನೊಂದು. ಉಂಡುತಿಂದು ಎಂಜಿನ್ ಓಡಿಸುವ ತ್ರಿಶಲಾಳದು ಯಾರ ಹತ್ತಿರವೂ ಇರಲಿಲ್ಲ.

“ಬ್ಯಾರೆಯವರ ಬಿಲ್ಲಿ ಹಾಕಿದ್ದನ್ನ ನಾ ಬರೀಬೇಕಾಗ್ತದ,” ಎಂದರು ಡಾಕ್ಟರು. “ಬರದ್ರ ನಿಮ್ಮನ್ನ ಎಂಜಿನ್ನಿಂದ ಇಳಸ್ತಾರ. ಬರೀದಿದ್ರ ಇಲ್ಲಿ ಏನಾತು ಅಂತ ಮುಂದ ಯಾರಿಗೂ ತಿಳಿಯೂದಿಲ್ಲ. ಆ ನಲವತ್ತು ಮಂದಿದೂ ತಿಳಿಯೂದಿಲ್ಲ. ನೀವ ಹೇಳ್ರಿ.”

ಇವರಿಬ್ಬರೂ ನನ್ನ ಕಡೆ ನೋಡಿದರು. ಬಳಗದಲ್ಲಿ ಲಾರಿಯವರಿದ್ದಾರೆ. ಅವರ ಹೆಂಡತಿಯರು ಮೂಗಿನ ಕೆಳಗೆ ಬೆರಳಿಟ್ಟುಕೊಂಡು ಕೂತಿರುವುದಿಲ್ಲ. ಬರೆಯಿರಿ ಎಂದೆ. ಮರುದಿನವೇ ನನ್ನನ್ನು ಕುರ್ಚಿಗೆ ಹಾಕಿದರು.

ಅದೇ ಸಿಟ್ಟಿನಲ್ಲಿ ಮಾಸ್ತರ ಮನೆಗೆ ಹೋದೆ. ಒಬ್ಬರೇ ಇದ್ದರು, ಜೋಳ ಹಸನು ಮಾಡುತ್ತಿದ್ದರು. ಡಾಕ್ಟರು ಹೇಳಿದ್ದನ್ನೆಲ್ಲ ಒಂದೇ ಉಸಿರಿನಲ್ಲಿ ಹೇಳಿ, “ನಿಮ್ಮ ಹೃದಯ ಸೋತೈತ್ರಿ. ಬೆಟ್ಟ ಹತ್ತೂದು ಬಿಡ್ರಿ, ಆ ಬಿಲ್ಲಿ ಹಂಚೂದೂ ಬಿಡ್ರಿ,” ಎಂದೆ.

“ನಂದಲ್ಲವ್ವಾ ಅದು,” ಎಂದರು.

“ಯಾವುದು?”

“ಬಿಲ್ಲಿ. ನೀಲಗಂಗಾಂದು. ನನ್ನ ಹೇಣ್ತಿದು. ಅಕಿ ಹೃದಯನ ಸೋತಿತ್ತು.” ಮೊರವನ್ನು ಪಕ್ಕಕ್ಕಿಟ್ಟರು. “ಅಕಿ ಹೋದ ಮ್ಯಾಲೆ ಮನಿಯಾಗ ಆ ಸಪ್ಪಳ ನಿಂತಬಿಡ್ತು. ನನಗ ನಿದ್ದಿ ಹತ್ತವಲ್ದು. ಒಂದಿನ ಸೊಂಡಿ ಚಾಲೂ ಮಾಡಿ ಬಾಜೂಕ ಇಟ್ಕೊಂಡು ಮಲಗಿದೆ. ಆಮ್ಯಾಲ ಮೂಗಿಗೇ ಹಾಕ್ಕೊಂಡೆ. ಅಕಿ ಹೆಂಗ ಉಸಿರಾಡ್ತಿದ್ಲೋ ಹಂಗ ಬರ್ತಿತ್ತು. ಲಾರಿ ಬಸಣ್ಣ ಒಂದಿನ ಬಂದು ನಿದ್ದಿಲ್ಲ ಅಂತ ಅತ್ತ. ಅವನಿಗೊಂದು ನಕಲು ಮಾಡಿ ಕೊಟ್ಟೆ. ಚಲೋ ಆತು ಅಂದ. ಮತ್ತೊಬ್ಬರಿಗೆ ಕೊಟ್ಟೆ. ಊರಾಗ ನಲವತ್ತು ಮನ್ಯಾಗ ಅಕಿ ಉಸಿರಾಡ್ತಾಳ ಅನ್ನೂದು ನನಗೊಂದು ಸಮಾಧಾನ ಇತ್ತು.”

ನನ್ನ ಸಿಟ್ಟು ಎಲ್ಲಿ ಹೋಯಿತೋ.

“ಹಂಗಾರ ನಿಮಗೇನೈತ್ರೀ ರೋಗ?”

“ನನ್ನನ್ನ ಯಾರು ನೋಡ್ಯಾರವ್ವಾ.”

ಅವರನ್ನು ಎಬ್ಬಿಸಿಕೊಂಡು ಬಂದೆ. ಬರುವುದಿಲ್ಲವೆಂದು ಹಟ ಹಿಡಿದರು. ನಾನು ಗೂಡ್ಸ್ ಗಾಡಿ ಎಳೆದವಳು, ಮಾಸ್ತರನ್ನು ಎಳೆಯಲಾರೆನೇ. ನಾನು ಹೊಟ್ಟೆತುಂಬ ಉಂಡು, ಅವರು ಎಂದಿನಂತೆ ಅರೆಹೊಟ್ಟೆ ಉಂಡು, ಕೇಂದ್ರದ ಎರಡು ಕೋಣೆಗಳಲ್ಲಿ ತಂತಿ ಅಂಟಿಸಿಕೊಂಡು ಮಲಗಿದೆವು. ಬೆಳಿಗ್ಗೆ ಡಾಕ್ಟರ್ ಜೀನತ್ ಚಹಾ ತರಿಸಿ ಇಬ್ಬರನ್ನೂ ಒಟ್ಟಿಗೆ ಕೂಡಿಸಿಕೊಂಡರು.

ಮಾಸ್ತರ ಗಂಟಲು ನಳಿಗೆಯಷ್ಟು ಸ್ವಚ್ಛ. ಹೃದಯ ಕುದುರೆಯದು. ರೋಗವೇ ಇರಲಿಲ್ಲ ಅವರಿಗೆ. ಈಗ ಮಾತ್ರ ಒಂದಿತ್ತು. ನನ್ನ ಮೆದುಳಿನಂತೆ ಅವರದೂ ಉಸಿರಾಡುವುದನ್ನು ಮರೆಯುತ್ತಿತ್ತು. ನೀಲಗಂಗಮ್ಮ ತೀರಿಕೊಂಡು ಇಷ್ಟು ಕಾಲವಾದರೂ ಮಾಸ್ತರ ಉಸಿರಿನ ಕೆಲಸ ಮಾಡಿಕೊಡುತ್ತಿದ್ದರಲ್ಲ. ಬಳಗದಲ್ಲಿ ಬಿಲ್ಲೆ ವಾಪಸು ಕೊಡಿ ಎಂದು ಮಾಸ್ತರರು ಹೇಳಿಕಳುಹಿಸಿದ್ದಕ್ಕೆ ಕೆಲವರು ಕೊಟ್ಟಿದ್ದರು. ಲಾಯರು, ತಮಗೆ ಒಗ್ಗಿದೆ, ಡಾಕ್ಟರ ಮಾತು ಕೇಳಿ ಕೆಟ್ಟವರೇ ಹೆಚ್ಚು ಎಂದಿದ್ದರು. ಲಾರಿ ಬಸಣ್ಣ ತಪಾಸಣೆಗೆ ಬಂದಾಗ, ಅವನಿಗೆ ಆ ಬಿಲ್ಲೆಯೇ ನಿಜವಾಗಿ ಒಪ್ಪುತ್ತದೆ ಎಂದು ತಿಳಿದು ಡಾಕ್ಟರಿಗೇ ತಲೆ ಕೆಟ್ಟಿತ್ತು.

“ನಿಮ್ಮ ಹೊಸ ನಕ್ಷೆ ಚಲೋ ಬಂದದ ತ್ರಿಶಲಾ ಅವರ,” ಎಂದರು. “ಉಂಡ ದಿನದ್ದೊಂದು, ನೋಂಪಿ ದಿನದ್ದೊಂದು, ಎರಡು ಬಿಲ್ಲಿ ಬರೀತೀನಿ. ಮೆದುಳು ಮಾತ್ರ ಮೆಲ್ಲಕ ಕಲೀಬೇಕು. ಗಾಳಿ ದಿನಾ ಇಷ್ಟಿಷ್ಟ ಕಡಿಮಿ ಮಾಡ್ಕೋತ ಹೋಗೂಣು. ಮಾಸ್ತರ, ನಿಮ್ಮದೂ ಹಂಗ.”

“ನನ್ನ ಎಂಜಿನ್ ವಾಪಸ್ ಸಿಗತೈತೇನ್ರಿ?”

ಇದೊಂದೇ ನನಗೆ ಬೇಕಾಗಿದ್ದದ್ದು. ಅವರು ಚಹಾದ ಲೋಟ ಕೆಳಗಿಟ್ಟರು. ಪರದೆಯ ಕಡೆ ನೋಡಲಿಲ್ಲ, ನನ್ನ ಕಡೆಯೇ ನೋಡಿದರು.

“ಗೊತ್ತಿಲ್ರೀ. ಸುಳ್ಳು ಧೈರ್ಯ ಹೇಳಾಕಿ ಅಲ್ಲ ನಾ. ಮೆದುಳು ಕಲೀಬಹುದು, ಕಲೀದಿರಬಹುದು.”

ರೂಢಿಯ ಬಲ ನೋಡಿ, ನನ್ನ ಕತ್ತು ತಾನಾಗಿ ಮಾಸ್ತರ ಕಡೆ ತಿರುಗಿತು. “ನೀವೇನಂತೀರಿ?”

ಎಲ್ಲದಕ್ಕೂ ಉತ್ತರವಿದ್ದ ಮನುಷ್ಯ ಅವರು. ಇಟ್ಟಂಗಿ, ಟೆನಿಸ್ ಚೆಂಡು, ಹೆಪ್ಪು, ಮೊಸರು.

“ಗೊತ್ತಿಲ್ಲ ತಂಗೀ. ನನಗೂ ಖರೇನ ಗೊತ್ತಿಲ್ಲ.”

ಇಷ್ಟು ತಿಂಗಳಲ್ಲಿ ಡಾಕ್ಟರದೂ ಬಳಗದ್ದೂ ಮಾತು ಒಂದಾದದ್ದು ಅದೇ ಮೊದಲು. ನನಗೆ ಅಳು ಬರಬೇಕಿತ್ತು, ಬಂತು ಕೂಡ. ಆದರೆ ಅದರ ಹಿಂದೆಯೇ ಒಂದು ನಿರಾಳವೂ ಬಂತು. ಇಬ್ಬರಲ್ಲಿ ಯಾರನ್ನು ನಂಬಲಿ ಎಂದು ಒದ್ದಾಡುವ ಕೆಲಸ ಅಲ್ಲಿಗೆ ಮುಗಿಯಿತು. ಇಬ್ಬರನ್ನೂ ನಂಬಿದೆ.

“ಮಧ್ಯಾಹ್ನ ಒಂದ್ ತಾಸು ಸೊಂಡಿ ಇಲ್ದ ಮಲಗೂದು ರೂಢಿ ಮಾಡ್ಕೋಬೇಕು,” ಎಂದರು ಡಾಕ್ಟರು, ಕಣ್ಣು ಒರೆಸಿಕೊಳ್ಳುತ್ತ. “ಬಾಜೂಕ ಯಾರರ ಕೂತು ಎದಿ ನೋಡ್ತಿರಬೇಕು. ಉಸಿರು ನಿಂತ್ರ ಮುಟ್ಟಿ ಎಬ್ಬಿಸಬೇಕು. ನಿಮಗ ಮನಿಯವರಿದ್ದಾರ. ಮಾಸ್ತರ, ನಿಮಗ ಯಾರದಾರ?”

ಮಾಸ್ತರರು ಖಾಲಿಯಾದ ಚಹಾದ ಲೋಟವನ್ನೇ ಇನ್ನೊಮ್ಮೆ ಬಾಯಿಗೆ ಎತ್ತಿದರು.

“ನನಗೀಗ ಕುರ್ಚಿ ಕೆಲಸ. ಮಧ್ಯಾಹ್ನ ಬಿಡುವಿರತೈತಿ,” ಎಂದೆ ನಾನು.